ಬೆನ್ನಿಗೆ ಮಾತ್ರ ಒಪ್ಪಿದ್ದಳು

ಚಳಿಗಾಲದಲ್ಲಿ ಚಿತ್ರಕಲಾ ಶಾಲೆಯ ಮಹಡಿ ಕೋಣೆ ಐಸ್ ಪೆಟ್ಟಿಗೆಯ ಹಾಗಿರುತ್ತಿತ್ತು. ಉತ್ತರದ ಗೋಡೆಗೆ ಆಳೆತ್ತರದ ಕಿಟಕಿಗಳು. ಬೆಳಕು ಚೆನ್ನಾಗಿ ಬರಲಿ ಎಂದು ಇಟ್ಟವು. ಬೆಳಕಿನ ಜೊತೆಗೆ ಗಾಳಿಯೂ ಬರುತ್ತಿತ್ತು. ಕೋಣೆಯ ನಡುವೆ ಹಲಗೆಯ ಕಟ್ಟೆ, ಕಟ್ಟೆಯ ಮೇಲೊಂದು ಮುಕ್ಕಾಲಿ. ಅದರ ಮೇಲೆ ಅವಳು, ಮೈಮೇಲೆ ಒಂದೆಳೆ ನೂಲಿಲ್ಲದೆ. ಸುತ್ತ ಸ್ವೆಟರ್ ತೊಟ್ಟು, ಮಫ್ಲರ್ ಸುತ್ತಿಕೊಂಡು, ಮೂಗು ಒರೆಸಿಕೊಳ್ಳುತ್ತ ವಿದ್ಯಾರ್ಥಿಗಳು ಅವಳ ಮೈಯನ್ನು ಇದ್ದಿಲಿನಲ್ಲಿ ಗೀಚುತ್ತಿದ್ದರು.

ಹೀಟರ್ ಇರಲಿಲ್ಲವೆಂದಲ್ಲ. ಒಂದಿತ್ತು. ಅದನ್ನು ಬಣ್ಣದ ಮೇಜಿನ ಕೆಳಗೆ ಇಡುತ್ತಿದ್ದರು.

"ಚಳಿಗೆ ಬಣ್ಣ ಗಟ್ಟಿ ಆಗ್ಬಿಡುತ್ತೆ," ಎನ್ನುತ್ತಿದ್ದರು ದೊಡ್ಡ ಮೇಷ್ಟ್ರು.

"ನಾನೂ ಗಟ್ಟಿ ಆಗ್ತಿದೀನಿ ಸಾರ್."

"ನೀನು ಗಟ್ಟಿ ಆದ್ರೆ ಒಳ್ಳೇದೇ ಅಲ್ವೇನಮ್ಮ. ಅಲ್ಲಾಡಲ್ಲ."

ವಿದ್ಯಾರ್ಥಿಗಳು ಕಿಸಕ್ಕನೆ ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಆದರೆ ಕುತ್ತಿಗೆಯಿಂದ ಮೇಲಕ್ಕೆ ಮಾತ್ರ. ಅದರಿಂದ ಕೆಳಗೆ ನಕ್ಕರೆ ಹೊಟ್ಟೆ ಕುಣಿಯುತ್ತದೆ, ಹೊಟ್ಟೆ ಕುಣಿದರೆ ಅಷ್ಟೂ ಜನರ ಗೆರೆ ತಪ್ಪುತ್ತದೆ. ಕಾಲು ಜೋಮು ಹಿಡಿದರೂ, ಮೂಗಿನ ತುದಿಗೆ ನೊಣ ಬಂದು ಕೂತರೂ ಮಿಸುಕುತ್ತಿರಲಿಲ್ಲವೆಂದು ಹುಡುಗ ಹುಡುಗಿಯರು ಅವಳಿಗೆ ಬಂಡೆಯಕ್ಕ ಎಂದು ಹೆಸರಿಟ್ಟಿದ್ದರು. ಬಾಯಿಯ ವಿಷಯ ಬೇರೆ. ಅದಕ್ಕೆ ಬಿಡುವೇ ಇರಲಿಲ್ಲ.

ಅವಳ ಗಂಡ ದರ್ಜಿ. ಒಂದು ಕಾಲಕ್ಕೆ ಬೀದಿಗೆ ಬೀದಿಯೇ ಅವನು ಹೊಲಿದ ಬಟ್ಟೆ ಹಾಕಿಕೊಂಡು ಓಡಾಡುತ್ತಿತ್ತು. ರೆಡಿಮೇಡ್ ಅಂಗಡಿಗಳು ಬಂದವು ನೋಡಿ, ಹೊಸ ಬಟ್ಟೆ ಹೊಲಿಸುವವರೇ ಇಲ್ಲವಾದರು. ಜಿಪ್ಪು ಹಾಕುವುದು, ಪ್ಯಾಂಟಿನ ಕಾಲು ಮಡಚುವುದು, ಹರಿದ ಜೇಬಿಗೆ ತೇಪೆ ಹಚ್ಚುವುದು, ಇಷ್ಟು ಉಳಿಯಿತು. ಹೆಂಡತಿ ಈ ಕೆಲಸದ ಮಾತೆತ್ತಿದಾಗ ಅವನು ಊಟ ಬಿಟ್ಟು, ಯಂತ್ರದ ಮುಂದೆ ತಲೆ ತಗ್ಗಿಸಿ ಕೂತುಬಿಟ್ಟಿದ್ದ. ಆಮೇಲೆ ಒಂದು ಬೆಳಿಗ್ಗೆ ತಾನೇ ಹೇಳಿದ.

"ನಾನು ಊರಿಗೆಲ್ಲ ಬಟ್ಟೆ ತೊಡಿಸಿ ಸಾಕೋಕಾಗದೇ ಇರೋ ಸಂಸಾರನ ನೀನು ಬಟ್ಟೆ ಬಿಚ್ಚಿ ಸಾಕ್ತೀನಿ ಅಂತೀಯ. ದೇವರು ನನ್ನ ಜೊತೆ ತಮಾಷೆ ಮಾಡ್ತಿದಾನೆ ಕಣೆ."

"ದೇವರಿಗೆ ಬೇರೆ ಕೆಲಸ ಇಲ್ವೇನ್ರಿ? ಬೇಡ ಅಂದ್ರೆ ಹೋಗಲ್ಲ."

"ಬೇಡ ಅನ್ನೋ ಧೈರ್ಯ ನನಗೆಲ್ಲಿದೆ. ಹೋಗಿ ಬಾ. ಮಧ್ಯೆ ಬಿಡುವು ಕೊಟ್ಟಾಗ ಹೊದ್ಕೊಳ್ಳೋಕೆ ಒಂದು ಗೌನು ಹೊಲಿದು ಕೊಡ್ತೀನಿ."

ಹಳೆಯ ಪರದೆ ಬಿಚ್ಚಿ ನೀಲಿ ಗೌನು ಹೊಲಿದೂ ಕೊಟ್ಟ. ಅವನ ತಾಯಿಗೆ ಮಾತ್ರ ಗಂಡ ಹೆಂಡತಿ ಇಬ್ಬರೂ ಒಂದೇ ಸುಳ್ಳು ಹೇಳಿದರು: ಸೊಸೆ ಚಿತ್ರಕಲಾ ಶಾಲೆಯಲ್ಲಿ ಕಸ ಗುಡಿಸುತ್ತಾಳೆ. ಅತ್ತೆ ಕನ್ನಡಕದ ಮೇಲಿಂದ ನೋಡಿ, "ಹೂಂ, ಒಳ್ಳೆ ಕೆಲಸ," ಎಂದಿದ್ದರು. ಮತ್ತೆ ಕೇಳಲಿಲ್ಲ.

ಹೀಗಿರುವಾಗ ದೊಡ್ಡ ಮೇಷ್ಟ್ರು ಅವಳನ್ನು ತಮ್ಮ ಮನೆಯ ಸ್ಟುಡಿಯೋಗೆ ಕರೆದರು. ಮೇಷ್ಟ್ರಿಗೆ ಹೆಸರಿತ್ತು, ಗಡ್ಡವಿತ್ತು, ಆದರೆ ಬಹಳ ವರ್ಷಗಳಿಂದ ಹೇಳಿಕೊಳ್ಳುವಂಥ ಚಿತ್ರ ಒಂದೂ ಬಂದಿರಲಿಲ್ಲ. ಒಂದು ದೊಡ್ಡ ಕ್ಯಾನ್ವಾಸ್ ಮಾಡಬೇಕು, ನೀನು ಬಂದು ಕೂರಬೇಕು ಎಂದರು.

ಅವಳು ಒಂದು ಷರತ್ತು ಹಾಕಿದಳು. "ಬೆನ್ನು ಬರೀರಿ ಸಾರ್. ಮುಖ ಬೇಡ. ಶಾಲೆಯಲ್ಲಿ ಮಕ್ಕಳು ಬರೆಯೋ ಮುಖ ನನಗಲ್ಲ, ಮನುಷ್ಯರಿಗೇ ಹೋಲಲ್ಲ. ಅದರ ಭಯ ಇಲ್ಲ. ನೀವು ಬರೆದ್ರೆ ಹೋಲುತ್ತೆ."

ಹೊಗಳಿಕೆ ಎಂದು ತಿಳಿದು ಮೇಷ್ಟ್ರು ಗಡ್ಡ ನೀವಿಕೊಂಡರು. "ಬರೀ ಬೆನ್ನು ಕಣಮ್ಮ. ನನ್ನ ಮಾತು ಅಂದ್ರೆ ಮಾತು."

ಮೂರು ತಿಂಗಳು ಅವಳು ಗೋಡೆ ನೋಡುತ್ತ ಕೂತಳು. ಬೆನ್ನು ಬರೆಯುವಾಗ ಬಾಯಿ ಆಡಿಸಬಹುದು, ಅದೊಂದು ಸುಖ. ಅತ್ತೆಯ ಮಂಡಿ ನೋವು, ಗಂಡನ ಗೊರಕೆ, ಹಾಸ್ಟೆಲ್ಲಿನಲ್ಲಿರುವ ಮಗನ ಫೀಸು, ಬಾಡಿಗೆ ಮನೆಯ ಸೋರುವ ನಲ್ಲಿ, ಎಲ್ಲವನ್ನೂ ಗೋಡೆಗೆ ಹೇಳಿಕೊಂಡಳು. ಹಿಂದೆ ಮೇಷ್ಟ್ರು "ಹೂಂ ಹೂಂ" ಎನ್ನುತ್ತ ಬ್ರಷ್ ಆಡಿಸುತ್ತಿದ್ದರು.

ಒಂದು ದಿನ ಹೀಗೇ ಮಾತಿನ ನಡುವೆ ಅವಳಿಗೆ ಸುಟ್ಟ ವಾಸನೆ ಬಡಿಯಿತು. ಮೂಲೆಯ ಸ್ಟೌವ್ ಮೇಲೆ ಮೇಷ್ಟ್ರು ಕಾಫಿಗೆಂದು ಹಾಲಿಟ್ಟು ಮರೆತಿದ್ದರು. ಅವಳು ಕುತ್ತಿಗೆ ಹಿಂದಕ್ಕೆ ಹೊರಳಿಸಿ, "ಸಾರ್, ಹಾಲು ಉಕ್ತಿದೆ," ಎಂದಳು.

"ಅಲ್ಲಾಡಬೇಡ. ಹಾಗೇ ಇರು."

"ಹಾಲು ಸಾರ್."

"ಹಾಲು ಹಾಳಾಗಿ ಹೋಗ್ಲಿ. ಹಾಗೇ ಇರು ಅಂದೆ."

ಹಾಲು ಉಕ್ಕಿ, ಸೀದು, ಪಾತ್ರೆಯ ತಳ ಕಪ್ಪಗಾಯಿತು. ಅವಳು ಆ ಕಡೆಗೇ ಕಣ್ಣು ನೆಟ್ಟು ಕೂತಳು. ಒಂದು ಹೊತ್ತಿನ ಹಾಲು ಕಣ್ಣೆದುರೇ ಹಾಳಾಗುವಾಗ ಸಂಸಾರಸ್ಥೆಗೆ ಹೊಟ್ಟೆ ಉರಿಯುವುದಿಲ್ಲವೇ? ಉರಿಯಿತು. ಕತ್ತಿನ ಬಳಿ ಬೆಳಕು ಹೇಗೆ ಬೀಳುತ್ತದೆಂದು ನೋಡಿದೆ ಅಷ್ಟೇ ಎಂದು ಆಮೇಲೆ ಮೇಷ್ಟ್ರು ಹೇಳಿದರು. ಅವಳು ನಂಬಿದಳು. ಕ್ಯಾನ್ವಾಸಿನ ಮೇಲೆ ಬಟ್ಟೆ ಮುಚ್ಚಿತ್ತು.

ಚಿತ್ರ ಮುಗಿಯಿತು. ಪ್ರದರ್ಶನ ಶುರುವಾಗುವ ವಾರ ಊರಿನ ಬಸ್ ಸ್ಟಾಪುಗಳಲ್ಲೆಲ್ಲ ಪೋಸ್ಟರ್ ಬಿತ್ತು. ಬರಿಯ ಭುಜ, ಹೊರಳಿದ ಕುತ್ತಿಗೆ, ಮುಖ. ಕೆಳಗೆ ದಪ್ಪ ಅಕ್ಷರದಲ್ಲಿ ಚಿತ್ರದ ಹೆಸರು: "ಮೌನ".

ಬಸ್ಸಿಗೆ ಕಾಯುತ್ತ ನಿಂತಿದ್ದ ಅವಳು ತಲೆಯೆತ್ತಿದರೆ ತನ್ನನ್ನು ತಾನೇ ನೋಡುತ್ತಿದ್ದಾಳೆ. ಮುಖಕ್ಕೆ ಶಾಲು ಎಳೆದುಕೊಂಡು ನಡೆದೇ ಮನೆಗೆ ಬಂದಳು. ಗಂಡ ಪತ್ರಿಕೆ ಹಿಡಿದು ಕೂತಿದ್ದ. ಅದರಲ್ಲೂ ಅದೇ ಚಿತ್ರ, ಪಕ್ಕದಲ್ಲಿ ಮೇಷ್ಟ್ರ ಸಂದರ್ಶನ.

"ಓದ್ಲಾ?" ಎಂದ.

"ಓದಿ."

ಅವನು ನಿಧಾನಕ್ಕೆ, ಪದ ಪದ ಬಿಡಿಸಿ ಓದಿದ. "ಈ ಚಿತ್ರಕ್ಕೆ ಮಾಡೆಲ್ ಯಾರೂ ಇಲ್ಲ. ಈ ಹೆಣ್ಣು ನನ್ನೊಳಗೆ ಹುಟ್ಟಿದವಳು. ಒಂದು ಮುಂಜಾನೆ ಕನಸಿನಲ್ಲಿ ಬಂದಳು. ಅವಳ ನೋಟದಲ್ಲಿರುವುದು ಅನಂತದ ಹಂಬಲ."

"ಹಾಲಿನದು," ಎಂದಳು.

"ಏನು?"

"ಹಾಲು ಉಕ್ತಿತ್ತು ಕಣ್ರೀ. ಅದನ್ನ ನೋಡ್ತಿದ್ದೆ."

ದರ್ಜಿಗೆ ನಗು ಬಂತು. ನಗಬಾರದೆಂದು ತುಟಿ ಕಚ್ಚಿದ, ಆಗಲಿಲ್ಲ. ಅವಳೂ ನಕ್ಕಳು. ನಗುತ್ತ ನಗುತ್ತಲೇ ಪತ್ರಿಕೆ ಕಿತ್ತುಕೊಂಡು ಮಡಚಿ ಬದಿಗಿಟ್ಟಳು. "ಕನಸಲ್ಲಿ ಬಂದೋಳಿಗೆ ಸೊಂಟ ಹಿಡ್ಕೊಳ್ಳುತ್ತಾ? ಮೂರು ತಿಂಗಳು ಕೂತಿದೀನಿ. ಮುಖ ಬೇಡ ಅಂತ ಮಾತು ತಗೊಂಡಿದ್ದೆ. ಮುಖಾನೂ ತಗೊಂಡ, ನಾನೇ ಇಲ್ಲ ಅಂತಾನೂ ಅಂದ."

ಮಾರನೆಯ ದಿನ ಮನೆ ಮಾಲೀಕ ಬಾಗಿಲಿಗೆ ಬಂದ. ಒಳಗೆ ಕಾಲಿಡದೆ, ದರ್ಜಿಯ ಮುಖವನ್ನೂ ನೋಡದೆ, ಗೋಡೆಗೆ ಹೇಳಿದ. "ಇದು ಮರ್ಯಾದಸ್ಥರು ಇರೋ ಜಾಗ. ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಬೇಕು."

ದರ್ಜಿ ಬಾಯಿ ತೆರೆಯುವ ಮೊದಲು ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದರು.

"ಏನಪ್ಪ, ಯಾಕೆ ಖಾಲಿ ಮಾಡ್ಬೇಕು?"

"ನಿಮಗೆ ಗೊತ್ತಾಗಲ್ಲ ಅಜ್ಜಿ. ನಿಮ್ಮ ಸೊಸೇನ ಕೇಳಿ. ಬಸ್ ಸ್ಟಾಪಲ್ಲಿ ನೋಡಿದೆ."

"ನಾನೂ ನೋಡಿದೆ, ಆಸ್ಪತ್ರೆಗೆ ಹೋಗುವಾಗ. ನೀನು ಅಲ್ಲೇ ನಿಂತಿದ್ದೆ. ನಿನ್ನ ಬಸ್ಸು ಬಂತು, ಹೋಯ್ತು. ಇನ್ನೊಂದು ಬಂತು, ಅದೂ ಹೋಯ್ತು. ನೀನು ಕದಲಲಿಲ್ಲ. ಅಷ್ಟೊತ್ತು ನೋಡೋವಾಗ ಮರ್ಯಾದೆ ಎಲ್ಲಿಟ್ಟಿದ್ದೆ?"

ಮಾಲೀಕನ ಕಿವಿ ಕೆಂಪಗಾಯಿತು. ತಿಂಗಳ ಕೊನೆ ಎಂದು ಮತ್ತೊಮ್ಮೆ ಗೊಣಗಿ ಮೆಟ್ಟಿಲಿಳಿದ. ಆಮೇಲೆ ಅವನು ಆ ಮಾತನ್ನು ಎತ್ತಲಿಲ್ಲ. ನಲ್ಲಿಯನ್ನೂ ರಿಪೇರಿ ಮಾಡಿಸಲಿಲ್ಲ.

ಬಂಡೆಯಕ್ಕ ಅಡುಗೆಮನೆಯ ಬಾಗಿಲಲ್ಲಿ ಬಂಡೆಯಾಗಿಯೇ ನಿಂತಿದ್ದಳು. ಅತ್ತೆ ಬಂದು ಸ್ಟೂಲ್ ಎಳೆದುಕೊಂಡು ಕೂತು, ಮಂಡಿ ಒತ್ತಿಕೊಳ್ಳತೊಡಗಿದರು.

"ಅತ್ತೆ, ಕಸ ಗುಡಿಸ್ತೀನಿ ಅಂತ ಸುಳ್ಳು ಹೇಳಿದ್ದೆ."

"ನಾನು ನಲವತ್ತು ವರ್ಷ ಆಸ್ಪತ್ರೆಯಲ್ಲಿ ಕಸ ಗುಡಿಸಿದೋಳು. ಕಸ ಗುಡಿಸೋರ ಅಂಗೈ ಹೆಂಗಿರುತ್ತೆ ಅಂತ ನನಗೆ ಗೊತ್ತಿಲ್ವಾ? ನಿನ್ನ ಅಂಗೈ ರಾಣಿ ಅಂಗೈ ಥರ ಇದೆ. ಮೈಗೆಲ್ಲ ಬಣ್ಣಕ್ಕೆ ಬೆರೆಸೋ ಟರ್ಪೆಂಟೈನ್ ವಾಸನೆ ಬೇರೆ. ಮೊದಲನೇ ವರ್ಷವೇ ತಿಳೀತು."

"ಯಾಕೆ ಕೇಳಲಿಲ್ಲ?"

"ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಿದ್ರಿ. ನಿಮ್ಮಿಬ್ಬರಿಗೂ ಸುಳ್ಳು ಹೇಳೋಕೆ ಬರಲ್ಲ, ನೋಡೋಕಾಗಲ್ಲ." ಅತ್ತೆ ಇನ್ನೊಂದು ಮಂಡಿಗೆ ಕೈ ಹಾಕಿದರು. "ನಿನಗೆ ಹೆರಿಗೆ ಆದಾಗ ನೀರು ಹಾಕಿದೋಳು ನಾನು. ಮೈಯಲ್ಲಿ ಏನಿದೆ ಮುಚ್ಚಿಡೋಕೆ. ನನಗೆ ಉರಿಯೋದು ಅದಲ್ಲ. ಗೋಡೆಗೆ ಅಂಟಿಸೋ ಮೊದ್ಲು ಅವನು ನಿನ್ನ ಕೇಳಿದ್ನಾ?"

"ಇಲ್ಲ. ಬೇಡ ಅಂತಲೇ ಹೇಳಿದ್ದೆ."

"ಹಂಗಾದ್ರೆ ಹೋಗಿ ಕೇಳು."

ಅವಳು ಹೋದಳು. ಪ್ರದರ್ಶನದ ಹೂಗುಚ್ಛಗಳು ಮೇಷ್ಟ್ರ ಕೋಣೆಯಲ್ಲಿ ಬಾಡುತ್ತ ಬಿದ್ದಿದ್ದವು. ಮೇಷ್ಟ್ರು ಎದ್ದು ಬಂದು ಎರಡೂ ಕೈ ಚಾಚಿದರು.

"ಬಾರಮ್ಮ ಬಾ. ನೋಡಿದ್ಯಾ, ನಿನ್ನನ್ನ ಅಮರ ಮಾಡ್ಬಿಟ್ಟೆ."

"ಅಮರ ಆಮೇಲೆ ಆಗ್ತೀನಿ ಸಾರ್. ಈಗ ಮನೆ ಖಾಲಿ ಮಾಡು ಅಂತಿದಾರೆ. ಪೋಸ್ಟರ್ ತೆಗೆಸಿ. ಚಿತ್ರದಲ್ಲಿ ಮುಖ ಬದಲಾಯಿಸಿ."

"ಬದಲಾಯಿಸೋದಾ? ಅದು ದೊಡ್ಡ ಹೋಟೆಲಿನೋರಿಗೆ ಹೋಗಿದೆ. ಅವರ ಹಜಾರದಲ್ಲಿ ಹಾಕ್ತಾರೆ. ಇನ್ನು ಅದು ನಂದೂ ಅಲ್ಲ."

"ನಿಮ್ಮದಲ್ಲ, ನನ್ನದೂ ಅಲ್ಲ. ಮುಖ ಮಾತ್ರ ನನ್ನ ಕುತ್ತಿಗೆ ಮೇಲೇ ಇದೆ ಸಾರ್."

"ಅಯ್ಯೋ, ಅದು ನೀನಲ್ಲಮ್ಮ. ಅರ್ಥ ಮಾಡ್ಕೋ. ಕಲೆಗೆ ಬಂದ ಮೇಲೆ ಅದು ಹೆಣ್ತನ, ಅದು ಒಂದು ಭಾವ."

"ಭಾವನ ಹೋಲೋ ಹಾಗೆ ಬರೀಬಹುದಿತ್ತಲ್ಲ. ನನ್ನ ಹೋಲೋ ಹಾಗೆ ಯಾಕೆ ಬರೆದ್ರಿ? ಹೋಗ್ಲಿ, ಬರೆದಿದೀರಿ, ಪತ್ರಿಕೆಯೋರಿಗೆ ಒಂದು ಮಾತು ಹೇಳಿ. ಹೀಗೊಬ್ಬಳು ಮೂರು ತಿಂಗಳು ಬಂದು ಕೂತಿದ್ಲು, ಅವಳು ಮುಖ ಬೇಡ ಅಂದಿದ್ಲು, ನಾನು ಕೇಳದೆ ಬರೆದೆ ಅಂತ."

ಮೇಷ್ಟ್ರ ಕೈಗಳು ಹಿಂದಕ್ಕೆ ಹೋದವು. ದನಿಯೂ ಬದಲಾಯಿತು. "ನೋಡು, ನಿನಗೆ ಕೆಲಸ ಕೊಡಿಸಿದೋನು ನಾನು. ಬೆನ್ನು ತೋರಿಸೋರು ಊರಲ್ಲಿ ಬೇಕಾದಷ್ಟು ಜನ ಇದಾರೆ. ನಾಳೆಯಿಂದ ನೀನು ಬರೋದು ಬೇಡ."

ಅವಳು ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು. ಮೇಷ್ಟ್ರು ಆಗಲೂ ಆ ಕುತ್ತಿಗೆಯ ತಿರುವನ್ನು ಒಂದು ಗಳಿಗೆ ದಿಟ್ಟಿಸಿದರು. ಚಾಳಿ ಎಲ್ಲಿ ಹೋಗುತ್ತದೆ.

ಶಾಲೆಯಲ್ಲಿ ಅವಳಂಥವರು ಇನ್ನಿಬ್ಬರಿದ್ದರು. ಒಬ್ಬ ಹಮಾಲಿ ತಾತ. ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಸವೆದ ಮುದುಕ. ಅವನ ಭುಜದ ಮೂಳೆಗಳೆಂದರೆ ವಿದ್ಯಾರ್ಥಿಗಳಿಗೆ ಪ್ರಾಣ. ಇನ್ನೊಬ್ಬಳು ಡ್ಯಾನ್ಸರ್. ನಾಟಕ ಕಂಪನಿಯಲ್ಲಿ ಕುಣಿಯುತ್ತಿದ್ದವಳು, ಮಂಡಿ ಮುರಿದ ಮೇಲೆ ಕೂರುವ ಕೆಲಸಕ್ಕೆ ಬಂದಿದ್ದಳು. ಇಬ್ಬರೂ ಶಾಲೆಯ ಎದುರಿನ ಟೀ ಅಂಗಡಿಯಲ್ಲಿ ಸಿಕ್ಕಿದರು. ಬಂಡೆಯಕ್ಕ ನಡೆದದ್ದೆಲ್ಲ ಹೇಳಿದಳು.

ತಾತ ಲೋಟ ಕೆಳಗಿಟ್ಟ. "ನನ್ನನ್ನೂ ಹಿಂಗೇ ಋಷಿ ಮಾಡಿ ಯಾವುದೋ ಪುಸ್ತಕಕ್ಕೆ ಹಾಕಿದಾರಂತೆ. ನನ್ನ ಮಗಳು ನೋಡಿ ಅತ್ತಳು. ಅಪ್ಪ ಇಷ್ಟು ಸೊರಗಿದಾನೆ ಅಂತ ಅವಳಿಗೆ ಅದರಲ್ಲಿ ಗೊತ್ತಾಯ್ತು."

"ನನ್ನದು ಕ್ಯಾಲೆಂಡರ್ ಆಗಿದೆ," ಎಂದಳು ಡ್ಯಾನ್ಸರ್. "ಯಾರ ಮನೆಗೆ ಹೋದ್ರೂ ಮೊದ್ಲು ಗೋಡೆ ನೋಡ್ತೀನಿ. ನೀನು ಹೇಳಕ್ಕ, ಏನು ಮಾಡೋಣ?"

"ಬರೋ ವಾರ ಪರೀಕ್ಷೆ ಅಲ್ವಾ?"

"ಹೌದು. ಮೇಷ್ಟ್ರದೇ ತರಗತಿ."

"ನಾನಂತೂ ಒಳಗೆ ಹೋಗೋ ಹಾಗಿಲ್ಲ. ನೀವೂ ಹೋಗಬೇಡಿ."

ತಾತ ತಲೆ ಕೆರೆದುಕೊಂಡ. ಕೂಲಿ ತಪ್ಪುತ್ತದೆ ಎಂದು ಅವನ ಬಾಯಿಗೆ ಬಂದಿರಬೇಕು. ಡ್ಯಾನ್ಸರ್ ಮುಖವನ್ನೊಮ್ಮೆ ನೋಡಿ ಅದನ್ನು ಟೀ ಜೊತೆ ನುಂಗಿಕೊಂಡ. "ಸರಿ. ಆದ್ರೆ ಮನೆಯಲ್ಲಿ ಕೂರೋದಿಲ್ಲ. ಗೇಟಿನ ಹತ್ರ ಕೂರೋಣ. ಕಾಣೋ ಹಂಗೆ. ಬಟ್ಟೆ ಹಾಕ್ಕೊಂಡು."

ಬಟ್ಟೆ ಎಂದ ಕೂಡಲೇ ದರ್ಜಿಗೆ ಜೀವ ಬಂತು. ವಿಷಯ ಕೇಳಿ ಅವನು ಟೇಪು ಕೊರಳಿಗೆ ಹಾಕಿಕೊಂಡು ಎದ್ದೇ ನಿಂತ. ಮನೆಯಲ್ಲಿದ್ದ ಕಂಬಳಿ, ಅತ್ತೆಯ ಹಳೆಯ ಕೋಟು, ಯಾರೋ ಕೊಟ್ಟು ಮರೆತ ಉಣ್ಣೆಯ ಪ್ಯಾಂಟು, ಎಲ್ಲ ಕತ್ತರಿಗೆ ಸಿಕ್ಕವು. ಎಷ್ಟೋ ವರ್ಷಗಳ ಮೇಲೆ ಅವನ ಯಂತ್ರ ಬೆಳಗಿನಿಂದ ಸಂಜೆಯವರೆಗೆ ನಿಲ್ಲದೆ ಓಡಿತು. ತಾತನ ಅಳತೆ ತೆಗೆಯುವಾಗ ಅವನು ಹೇಳಿದ: "ತಾತ, ನಿಮ್ಮ ಭುಜಕ್ಕೆ ಇಷ್ಟು ದಿನ ಬಟ್ಟೆ ಹೊಲಿದೋನು ದರ್ಜಿಯೇ ಅಲ್ಲ." ಅತ್ತೆ ಕೂತಲ್ಲೇ ಗುಂಡಿ ಹಚ್ಚಿಕೊಟ್ಟರು.

ಪರೀಕ್ಷೆಯ ದಿನ ಶಾಲೆಯ ಗೇಟಿನ ಪಕ್ಕದ ಕಟ್ಟೆಯ ಮೇಲೆ ಮೂವರೂ ಕೂತರು. ಕುತ್ತಿಗೆಯವರೆಗೆ ಗುಂಡಿ, ಮೊಣಕಾಲು ದಾಟಿ ಇಳಿದ ಕೋಟು, ಕಿವಿ ಮುಚ್ಚುವ ಟೋಪಿ. ಅತ್ತೆಯೂ ಬಂದು ಒಂದು ಕುರ್ಚಿ ಹಾಕಿಸಿಕೊಂಡು ಕೂತರು. ಒಳಗೆ ಹೋಗುವ ವಿದ್ಯಾರ್ಥಿಗಳು ನಿಂತು ನೋಡಿದರು. ಇವರನ್ನು ಬಟ್ಟೆಯಲ್ಲಿ ಕಂಡು ಅಭ್ಯಾಸವಿಲ್ಲದ ಒಬ್ಬ ಹುಡುಗಿ ನಾಚಿಕೊಂಡಳು ಕೂಡ.

"ಬಂಡೆಯಕ್ಕ, ನೀವು ಇವತ್ತು ಬರಲ್ವಾ?"

"ನಾನು ಎಲ್ಲಿ ಬರ್ಲಿ ತಾಯಿ. ನಾನು ಇಲ್ಲವೇ ಇಲ್ಲವಂತೆ. ಮೇಷ್ಟ್ರ ಕನಸಿನೋಳಂತೆ. ಅವರು ನಿದ್ದೆ ಮಾಡಿದ್ರೆ ಬರ್ತೀನಿ."

ಪ್ರಶ್ನೆ ಕೇಳಿದ ಆ ಹುಡುಗಿ ಒಳಗೆ ಹೋದಳು. ಮಹಡಿ ಕೋಣೆಯಲ್ಲಿ ಹಲಗೆಗಳಿಗೆ ಹಾಳೆ ಸಿಕ್ಕಿಸಿ ಎಲ್ಲರೂ ಕಾದರು. ಮುಕ್ಕಾಲಿ ಖಾಲಿ. ಮೇಷ್ಟ್ರು ಬೇರೊಬ್ಬ ಹೆಂಗಸನ್ನು ಗೊತ್ತು ಮಾಡಿದ್ದರು; ಅವಳು ಗೇಟಿನವರೆಗೆ ಬಂದಳು, ಅತ್ತೆಯ ಜೊತೆ ನಾಲ್ಕು ಮಾತಾಡಿದಳು, ಅಲ್ಲೇ ಕಟ್ಟೆಯ ತುದಿಯಲ್ಲಿ ಜಾಗ ಮಾಡಿಕೊಂಡು ಕೂತಳು. ಕಟ್ಟೆಯ ಮೇಲೆ ಈಗ ನಾಲ್ಕು ಜನ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಒಬ್ಬ ಒಣಕಲು ಮುದುಕರು. ಗಡಿಯಾರ ನೋಡಿದರು. "ಮಾಡೆಲ್ ಎಲ್ಲಿ?" ಎಂದರು.

ಮೇಷ್ಟ್ರು ಏನೋ ಹೇಳಹೊರಟರು. ಅಷ್ಟರಲ್ಲಿ ಆ ಹುಡುಗಿ ಎದ್ದು, "ಗೇಟಿನ ಹತ್ರ ಇದಾರೆ ಸಾರ್," ಎಂದು ತನ್ನ ಹಲಗೆ ಎತ್ತಿಕೊಂಡು ಹೊರಟೇಬಿಟ್ಟಳು. ಅವಳ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತಿಬ್ಬರು. ಮೆಟ್ಟಿಲ ಮೇಲೆ ಹಲಗೆಗಳು ಒಂದಕ್ಕೊಂದು ತಾಗುವ ಸದ್ದು ಕೆಳಗಿನವರಿಗೂ ಕೇಳಿತು. ನೋಡುತ್ತಿದ್ದ ಹಾಗೆ ತರಗತಿಯೆಲ್ಲ ಗೇಟಿನ ಮುಂದೆ ಅರ್ಧ ಚಂದ್ರಾಕಾರಕ್ಕೆ ಕೂತು, ಕಟ್ಟೆಯ ಮೇಲಿನ ಆ ನಾಲ್ವರನ್ನು ಬರೆಯತೊಡಗಿತು.

ಕೊನೆಗೆ ಪರೀಕ್ಷಕರೂ ಇಳಿದು ಬಂದರು, ಹಿಂದೆ ಮೇಷ್ಟ್ರು. ಪರೀಕ್ಷಕರು ಬಂಡೆಯಕ್ಕನ ಮುಖವನ್ನೇ ನೋಡುತ್ತ ನಿಂತು ಕೇಳಿದರು. "ಇವರನ್ನ ಎಲ್ಲೋ ನೋಡಿದೀನಲ್ಲ. ನಿಮ್ಮ ಆ ಚಿತ್ರದಲ್ಲಿರೋದು ಇವರೇ ಅಲ್ವಾ?"

ಗೀಚುವ ಸದ್ದು ನಿಂತಿತು. ಇಪ್ಪತ್ತು ಜೊತೆ ಕಣ್ಣು ಮೇಷ್ಟ್ರ ಕಡೆ ತಿರುಗಿತು. ಯಾರೂ ತಮ್ಮನ್ನು ಹಾಗೆ ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದ್ದು ಮೇಷ್ಟ್ರಿಗೆ ಹೊಸದು. ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಜೇಬಿಗೆ ಹಾಕಿದರು, ತೆಗೆದರು.

"ಹೌದು, ಅವಳೇ," ಎಂದರು ಗಡ್ಡದೊಳಗೆ.

ಹಮಾಲಿ ತಾತ ಟೋಪಿ ಸರಿಸಿ ಕಿವಿಗೆ ಕೈ ಹಚ್ಚಿದ. ಕಿವಿ ಚುರುಕಾಗಿಯೇ ಇತ್ತು. "ಏನಂದ್ರಿ ಸಾಮಿ?"

"ಅವಳೇ ಅಂದೆ."

"ಈ ಕಡೆ ಅಜ್ಜಿಗೂ ಕೇಳಿಸಿಲ್ಲ ಸಾರ್," ಎಂದಳು ಡ್ಯಾನ್ಸರ್.

"ಚಿತ್ರದಲ್ಲಿರೋದು ಇವರೇ." ಈ ಸಲ ದನಿ ರಸ್ತೆಗೂ ಕೇಳಿತು. "ಮುಖ ಬೇಡ ಅಂದಿದ್ರು. ನಾನೇ ಬರೆದೆ."

ಅತ್ತೆ ತಲೆಯಾಡಿಸಿ, "ಇದನ್ನ ಮೊದ್ಲೇ ಹೇಳಿದ್ರೆ ನನಗೆ ಇಷ್ಟು ದೂರ ನಡೆಯೋದು ತಪ್ತಿತ್ತು," ಎಂದರು. ನಗು ಎದ್ದಿತು. ನಗುವಿನ ನಡುವೆಯೇ ಬಂಡೆಯಕ್ಕ ತಮ್ಮ ಬೇಡಿಕೆ ಹೇಳಿದಳು. ಹೀಟರ್ ಮುಕ್ಕಾಲಿಯ ಪಕ್ಕಕ್ಕೆ ಬರಬೇಕು. ಕೇಳದೆ ಯಾರ ಮುಖವನ್ನೂ ಶಾಲೆಯ ಹೊರಗೆ ಒಯ್ಯಬಾರದು. ಬಟ್ಟೆ ಬದಲಿಸುವ ಕೋಣೆಗೆ ಬಾಗಿಲು ಬಡಿಯದೆ ಯಾರೂ ನುಗ್ಗಬಾರದು, ಮೇಷ್ಟ್ರೂ ಸೇರಿ. ಪರೀಕ್ಷಕರ ಎದುರಿಗೆ ಶಾಲೆಯವರು ಇಲ್ಲವೆನ್ನಲಾಗಲಿಲ್ಲ. ಅವಳ ಕೆಲಸವೂ ಉಳಿಯಿತು.

ಪತ್ರಿಕೆಯವರು ಈ ಸುದ್ದಿ ಹಾಕಲಿಲ್ಲ. ಚಿತ್ರ ಇವತ್ತಿಗೂ ಹೋಟೆಲಿನ ಹಜಾರದಲ್ಲಿದೆ. ಅದರ ಕೆಳಗೆ "ಕಲಾವಿದರ ಕಲ್ಪನೆ" ಎಂದೇ ಬರೆದಿದೆಯಂತೆ. ಅತ್ತೆ ಸೊಸೆ ಒಮ್ಮೆ ನೋಡಿಬರೋಣವೆಂದು ಹೋಗಿದ್ದರು. ಕಾವಲುಗಾರ ಒಳಗೆ ಬಿಡಲಿಲ್ಲ. ಮುಖ ನೋಡಿದರೂ ಅವನಿಗೆ ಗುರುತು ಹತ್ತಲಿಲ್ಲ. ಅವಳಿಗೆ ಅದು ಇನ್ನೂ ಉರಿಯುತ್ತದೆ.

ಪರೀಕ್ಷೆಯಾದ ಮರುವಾರ ಅವಳು ಶಾಲೆಗೆ ಹೋದಳು. ಬಟ್ಟೆ ಬದಲಿಸುವ ಚಿಕ್ಕ ಕೋಣೆಗೆ ಹೋಗಿ ಕೋಟಿನ ಗುಂಡಿಗೆ ಕೈ ಹಾಕಿದ್ದಳಷ್ಟೆ, ಮೇಷ್ಟ್ರು ಎಂದಿನಂತೆ ಬಾಗಿಲು ತಳ್ಳಿಕೊಂಡು ಒಳಗೆ ಬಂದರು.

"ಸಾರ್," ಎಂದಳು.

ಮೇಷ್ಟ್ರು ನಿಂತರು. ಏನೋ ನೆನಪಾಯಿತು. ಹಿಂದಕ್ಕೆ ಹೋಗಿ, ಬಾಗಿಲು ಎಳೆದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಹೊರಗಿನಿಂದ ಟಕ್ ಟಕ್ ಎಂದು ಸದ್ದಾಯಿತು.

ಬಂಡೆಯಕ್ಕ ಒಂದೊಂದೇ ಗುಂಡಿ ಬಿಚ್ಚಿದಳು. ಕೋಟು ಮಡಚಿ ಇಟ್ಟಳು. ನೀಲಿ ಗೌನು ಹೊದ್ದು, ಕೂದಲು ಬಿಚ್ಚಿ ಮತ್ತೆ ಗಂಟು ಹಾಕಿಕೊಂಡಳು. ಅವಸರವೇನೂ ಇರಲಿಲ್ಲ.

"ತಡೀರಿ ಸಾರ್," ಎಂದಳು. "ಹೇಳ್ತೀನಿ."